ಬದಾಮಿನ ಗುಲಾಮ

ಗಂಡ ಕೈಕೊಟ್ಟದ್ದಕ್ಕೆ ನನಗೆ ಅಂಥ ದೊಡ್ಡ ದುಃಖವೇನಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅದೂ ಒಂದು ಅಂತ ಮೂಲೆಗೆ ಸರಿಸಿ ಮರುದಿನ ರೊಟ್ಟಿ ಬಡಿಯಬಹುದಿತ್ತು. ಆದರೆ ಮಾವ? ಊರಿಗೆಲ್ಲ ನ್ಯಾಯ ಹೇಳುವ ನಮ್ಮ ಗುರಪ್ಪ ಮಾವ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಮುಂದೆ ಹೇಳೋಣ? ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ, ಸಿಟ್ಟು ಇನ್ನೂ ಬಿಸಿಯಿರುವಾಗಲೇ.

ಜಗಳ ಇಸ್ಪೀಟೆಲೆಯದು. ನಗಬೇಡಿ. ಬ್ರಿಜ್ ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ನಾಲ್ಕು ಮಂದಿ, ಎರಡು ಜೋಡಿ, ಜೋಡಿಯವರು ಎದುರುಬದುರು. ನಾಲ್ವರೂ ಒಂದೊಂದು ಎಲೆ ಇಳಿಸುವ ಸುತ್ತಿಗೆ ಟ್ರಿಕ್ ಅನ್ನುತ್ತಾರೆ, ಒಟ್ಟು ಹದಿಮೂರು; ಒಂದನ್ನು ಗೆದ್ದವರೇ ಮುಂದಿನದಕ್ಕೆ ಮೊದಲ ಎಲೆ ಇಳಿಸುತ್ತಾರೆ. ಒಬ್ಬ ‘ಇಷ್ಟು ಟ್ರಿಕ್ ಗೆಲ್ಲುತ್ತೇನೆ’ ಅಂತ ಕೂಗುತ್ತಾನೆ. ಅವನ ಜೊತೆಗಾರನ ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಟೇಬಲ್ ಮೇಲೆ ಬಿಚ್ಚಿಡುತ್ತಾರೆ, ಅದಕ್ಕೆ ಡಮ್ಮಿ ಅನ್ನುತ್ತಾರೆ. ಉಳಿದ ಜೋಡಿಯ ಕೆಲಸ ಕೂಗಿದವನನ್ನು ಬೀಳಿಸುವುದು. ಬೀಳಿಸುವವರು ಒಬ್ಬರ ಎಲೆ ಒಬ್ಬರು ನೋಡುವಂತಿಲ್ಲ, ಬಾಯಿ ಬಿಡುವಂತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ. ಎಲೆಯೇ ಮಾತು. ಮೊದಲಿಗೆ ನಾನೊಂದು ಸಣ್ಣ ಬದಾಮ, ಅಂದರೆ ಕೆಂಪು ಹೃದಯದ ಎಲೆ, ಇಳಿಸಿದರೆ ನನ್ನ ಜೊತೆಗಾರನಿಗೆ ಹೀಗೆ ಹೇಳಿದಂತೆ: ನನ್ನ ಬಲ ಇಲ್ಲಿದೆ, ಆಟ ನಿನ್ನ ಕೈಗೆ ಬಂದ ಕೂಡಲೇ ಇದೇ ಜಾತಿಯ ಎಲೆ ತಿರುಗಿಸಿ ಕೊಡು. ಇಡೀ ಆಟದ ನಂಬಿಕೆ ನಿಂತಿರುವುದು ಆ ತಿರುಗಿಸಿ ಕೊಡುವ ಎಲೆಯ ಮೇಲೆ.

ಇದನ್ನು ನನಗೆ ಕಲಿಸಿದವರೇ ಮಾವ. ನಾನು ಹುನಗುಂದದ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ, ಇಳಕಲ್ಲಿನಿಂದ ದಿನಾ ಬಸ್ಸು. ಗಂಡ ಶಂಕರಲಿಂಗ ಮನೆಯ ಸೀರೆ ಅಂಗಡಿ ನೋಡಿಕೊಳ್ಳುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅಂಗಡಿಯ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡರು. ಕ್ಲಬ್ಬಿಗೆ ಹೋಗುವುದು ನಿಂತಿತು. ಎಲೆ ಮುಟ್ಟದ ಸಂಜೆ ಅವರಿಗೆ ಸಂಜೆಯೇ ಅಲ್ಲ. ಹಾಸಿಗೆಯಲ್ಲಿ ಕೂತು ಎಲ್ಲರ ಮೇಲೂ ಹರಿಹಾಯುತ್ತಿದ್ದರು. ಕೊನೆಗೆ ಮಗನನ್ನು ಕೂರಿಸಿದರು, ಪಕ್ಕದ ಮನೆಯ ನಾಹಿದಾಳನ್ನು ಕರೆದರು, ನಾಲ್ಕನೆಯವರು ಯಾರೂ ಸಿಗದೆ ನನ್ನ ಕಡೆ ನೋಡಿ, “ಬಾರವ್ವಾ, ಗಣಿತದಾಕಿ, ನಿನ್ನ ಲೆಕ್ಕಾ ಎಷ್ಟ್ ಐತಿ ನೋಡೂಣು” ಅಂದರು.

ಮೊದಲ ವಾರವೇ ಬೈಸಿಕೊಂಡೆ. ಅವರು ಕೇಳಿದ ಜಾತಿ ನನ್ನ ಕೈಯಲ್ಲಿತ್ತು, ನಾನು ಬೇರೆಯದನ್ನು ಇಳಿಸಿದ್ದೆ. ಅವರು ಎಲೆಗಳನ್ನು ಬೋರಲು ಹಾಕಿ ಕೇಳಿದರು: “ಯಾಕ ಕೊಡಲಿಲ್ಲ?”

“ಮರತೆನ್ರಿ ಮಾವಾರ.”

“ಮರತ್ರ ನಡೀತೈತಿ. ಇವತ್ತ ಮರತಾಕಿ ನಾಳೆ ಕಲೀತಿ. ಆದ್ರ ಗೊತ್ತಿದ್ದೂ ಕೊಡದಿದ್ರ, ಅಂಥವರ ಜೋಡಿ ಕೂಡಬಾರದು. ಆಟಾ ಅರ್ಧ ಇದ್ರೂ ಟೇಬಲ್ ಬಿಟ್ಟ ಏಳಬೇಕು. ತಿಳೀತಿಲ್ಲೋ?”

ತಿಳಿಯಿತು. ಚೆನ್ನಾಗಿಯೇ ತಿಳಿಯಿತು. ಅವತ್ತಿನಿಂದ ಮಾವ ಕೇಳಿದ್ದನ್ನು ನಾನು ಸುಮ್ಮಸುಮ್ಮನೆ ಕೊಡದೆ ಬಿಟ್ಟದ್ದು ಇಲ್ಲ. ಕೊಡದಿದ್ದರೆ ಅದಕ್ಕೊಂದು ಗಟ್ಟಿ ಕಾರಣ ಇರುತ್ತಿತ್ತು, ಅದನ್ನು ಕೇಳಿ ಅವರು ತಲೆದೂಗುತ್ತಿದ್ದರು. ಅವರ ಕಾಲು ನೆಟ್ಟಗಾಯಿತು, ಮತ್ತೆ ಕ್ಲಬ್ಬಿಗೆ ಹೋಗತೊಡಗಿದರು, ಆದರೂ ಗುರುವಾರದ ಮನೆಯಾಟ ತಪ್ಪಲಿಲ್ಲ. ತವರಿನಲ್ಲಿ ಅಪ್ಪ ನನ್ನನ್ನು ಹೊಗಳಿದ್ದು ನೆನಪಿಲ್ಲ. ಮಾವ ಹೊಗಳುತ್ತಿದ್ದರು. “ನಮ್ಮ ಭುವನೇಶ್ವರಿ ಕುಂತ್ರ ಕ್ಲಬ್ಬಿನವರು ಚಡ್ಡಿ ಹಾಕ್ಕೊಂಡ ಸಾಲಿಗೆ ಹೋಗಬೇಕು” ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ, ಮಳ್ಳಿ.

ಈಗ ಕ್ಲಬ್ಬಿನ ವಿಷಯ. ಹೆಂಗಸರು ಸದಸ್ಯರಾಗಬಾರದು ಅಂತ ಅಲ್ಲಿ ಎಲ್ಲಿಯೂ ಬರೆದಿಲ್ಲ. ಬರೆಯುವ ಪ್ರಸಂಗವೇ ಬಂದಿಲ್ಲ, ಅಷ್ಟೇ. ವರ್ಷಕ್ಕೊಂದು ಭಾನುವಾರ ಜೋಡಿ ಪಂದ್ಯ ಇಡುತ್ತಾರೆ. ಅವತ್ತು ಸದಸ್ಯರು ಮನೆಯವರನ್ನು ಜೋಡಿ ಮಾಡಿಕೊಂಡು ಆಡಬಹುದು. ಗೆದ್ದ ಜೋಡಿಯ ಇಬ್ಬರ ಹೆಸರನ್ನೂ ಆಟದ ಹಾಲ್‌ನ ಗೋಡೆಗಿರುವ ಕೆಂಪು ಗ್ರಾನೈಟ್ ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಕಲ್ಲಿನಲ್ಲಿ ಹೆಸರು ಬಂದವರು ಕಾಯಂ ಸದಸ್ಯರು. ಬಾಗಲಕೋಟೆಯಲ್ಲಿ ನಡೆಯುವ ಜಿಲ್ಲಾ ಪಂದ್ಯಕ್ಕೆ ಕ್ಲಬ್ಬು ಕಳಿಸುವುದು ಸದಸ್ಯರನ್ನು ಮಾತ್ರ. ನನಗೆ ಬೇಕಾಗಿದ್ದದ್ದು ಅದು. ಬಹುಮಾನದ ಕಪ್ ಬೇಡ, ಶಾಲು ಬೇಡ. ದಿನಾ ಸಂಜೆ ಬಸ್ಸಿಳಿದು ಆ ಹಾಲಿನಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂರುವ ಹಕ್ಕು ಬೇಕಿತ್ತು. ಬಾಗಲಕೋಟೆಯಲ್ಲಿ ಗೊತ್ತಿಲ್ಲದವರ ಎದುರು ಆಡಿ ನಾನು ಎಷ್ಟರವಳು ಅಂತ ನೋಡಬೇಕಿತ್ತು.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ನಮ್ಮ ಕ್ಲಬ್ಬಿನಲ್ಲಿ ಆಟ ಮುಗಿದ ಕೂಡಲೇ ಎಲೆಗಳನ್ನು ನಡುವೆ ಎಸೆಯುತ್ತಾರೆ, ಯಾರದು ಯಾವುದು ಅಂತ ಗುರುತು ಉಳಿಯುವುದಿಲ್ಲ. ಆಮೇಲೆ ತಂಟೆ ಬಂದರೆ ಮಾವನೇ ಗತಿ. ನಾಲ್ವರ ಕೈಯಲ್ಲೂ ಯಾವ್ಯಾವ ಎಲೆ ಇತ್ತು ಅಂತ ನೆನಪಿನಿಂದಲೇ ಟೇಬಲ್ ಮೇಲೆ ಹಾಸಿ, ತಪ್ಪು ಯಾರದು ಅಂತ ಹೇಳುತ್ತಾರೆ. ಇದಕ್ಕೆ ಕ್ಲಬ್ಬಿನವರು ‘ಗುರಪ್ಪನ ಹಾಸು’ ಅನ್ನುತ್ತಾರೆ. ಸ್ವಂತ ತಮ್ಮನನ್ನು ಆ ಹಾಸಿನ ಮುಂದೆ ನಿಲ್ಲಿಸಿ “ತಪ್ಪು ನಿಂದ” ಅಂದವರು ಅವರು. ಹಾಸು ಬಿದ್ದ ಮೇಲೆ ಯಾರೂ ತುಟಿ ಬಿಚ್ಚುವುದಿಲ್ಲ.

ಈ ವರ್ಷದ ಜೋಡಿ ಪಂದ್ಯಕ್ಕೆ ನಾನೂ, ಕ್ಲಬ್ಬಿನ ಸದಸ್ಯರಾದ ಗಂಡನೂ ಹೆಸರು ಕೊಟ್ಟೆವು. ಬೆಳಿಗ್ಗೆಯಿಂದ ಒಂದೊಂದೇ ಜೋಡಿಯನ್ನು ಉರುಳಿಸುತ್ತ ಬಂದೆವು. ಇವರೂ ಚೆನ್ನಾಗಿಯೇ ಆಡಿದರು, ಸುಳ್ಳು ಯಾಕೆ ಹೇಳಲಿ. ಕೊನೆಯ ಪಂದ್ಯ ಕ್ಲಬ್ಬಿನ ಅಧ್ಯಕ್ಷ ವಿಜಯಮಹಾಂತೇಶ ಮತ್ತು ಅವರ ಷಡ್ಡಕ ಕಲ್ಲೇಶನ ಜೋಡಿಯ ಎದುರು. ವಿಜಯಮಹಾಂತೇಶರದು ಗ್ರಾನೈಟ್ ಪಾಲಿಶ್ ಕಾರ್ಖಾನೆ, ಆ ಗೋಡೆಯ ಕಲ್ಲೂ ಅವರದೇ ದೇಣಿಗೆ. ಕೂರುವ ಮುಂಚೆ ಚಹಾ ಕುಡಿಯುತ್ತ ಅವರು ಎಲ್ಲರಿಗೂ ಕೇಳುವಂತೆ ಚೇಷ್ಟೆ ಮಾಡಿದರು.

“ಏನಪಾ ಶಂಕರಲಿಂಗ, ಇವತ್ತ ನೀ ಗೆದ್ದಿ ಅಂದ್ರ ನಾಳಿಂದ ಹೆಂಡತೀನ ಕರಕೊಂಡ ಬರ್ತಿ. ನಾಡದ ನಮ್ಮ ಹೆಂಡ್ರೂ ಬರ್ತಾರ. ಆಮ್ಯಾಲ ನಾವೆಲ್ಲಾ ಎಲ್ಲಿಗೆ ಹೋಗೂದೋ? ಗುಡಿ ಕಟ್ಟಿಗೇನು?”

ಹಾಲಿಗೆ ಹಾಲೇ ನಕ್ಕಿತು. ನಾನೂ ನಕ್ಕೆ, ನಮ್ಮ ಮನೆಯವರ ಕಿವಿ ಕೆಂಪಾದದ್ದನ್ನು ನೋಡಿಯೂ ನೋಡದವಳ ಹಾಗೆ ನಕ್ಕೆ. ಅಲ್ಲೇ ತಿಳಿದುಕೊಳ್ಳಬೇಕಿತ್ತು.

ಕೊನೆಯ ಕೈ ಬಂತು. ಇದರಲ್ಲಿ ಅವರು ಬಿದ್ದರೆ ಗೆಲುವು ನಮ್ಮದು, ಎದ್ದರೆ ಅವರದು. ಹುಕುಮ್, ಅಂದರೆ ತುರುಪು, ಇಲ್ಲದ ಆಟ, ಒಂಬತ್ತು ಟ್ರಿಕ್ ಗೆಲ್ಲುತ್ತೇನೆ ಅಂತ ವಿಜಯಮಹಾಂತೇಶರು ಕೂಗಿದರು. ನಾವು ಐದು ಎತ್ತಿದರೆ ಅವರು ಬಿದ್ದಂತೆ. ನನ್ನ ಕೈ ನೋಡಿದೆ. ಬದಾಮಿನಲ್ಲಿ ಎಕ್ಕಾ, ಗುಲಾಮ, ಒಂಬತ್ತು, ಐದು, ಎರಡು. ಮಾವ ನನ್ನ ಕುರ್ಚಿಯ ಹಿಂದೆಯೇ ಕೂತಿದ್ದರು. ನನ್ನ ಒಂದೊಂದು ಎಲೆಯೂ ಅವರಿಗೆ ಕಾಣುತ್ತಿತ್ತು. ನೋಡುವವರು ಮಾತಾಡಬಾರದು, ಅವರು ಮಾತಾಡಲಿಲ್ಲ. ಆದರೆ ನಾನು ಬದಾಮಿನ ಐದು ಇಳಿಸಿದಾಗ ಹಿಂದಿನಿಂದ ಸಣ್ಣಗೆ ಕೆಮ್ಮಿದರು. ಅದು ಮೆಚ್ಚುಗೆಯ ಕೆಮ್ಮು, ನನಗೆ ಗೊತ್ತು.

ಡಮ್ಮಿಯಿಂದ ಸಣ್ಣ ಎಲೆ ಬಿತ್ತು. ಇವರು ಬದಾಮಿನ ರಾಜಾ ಹಾಕಿದರು. ವಿಜಯಮಹಾಂತೇಶರು ಏಳು ಹಾಕಿದರು. ಟ್ರಿಕ್ ನಮ್ಮದು. ಆಟ ಇವರ ಕೈಗೆ ಬಂತು. ಇನ್ನು ಇವರು ಮಾಡಬೇಕಾದದ್ದು ಒಂದೇ, ಉಳಿದ ಬದಾಮನ್ನು ನನ್ನ ಕಡೆ ತಳ್ಳುವುದು. ಎದುರಾಳಿಯ ಕೈಯಲ್ಲಿ ರಾಣಿ ಮತ್ತು ಹತ್ತು ಮಾತ್ರ ಉಳಿದಿದ್ದವು. ಅವರು ಹತ್ತು ಹಾಕಿದರೆ ನನ್ನ ಗುಲಾಮ ಕೂತಿದ್ದಾನೆ, ರಾಣಿ ಹಾಕಿದರೆ ನನ್ನ ಎಕ್ಕಾ ಕೂತಿದೆ. ಆಮೇಲೆ ನನ್ನ ಬದಾಮುಗಳೆಲ್ಲ ಸಾಲಾಗಿ ನಡೆಯುತ್ತವೆ. ಎಣಿಸಿದರೆ ಸರಿಯಾಗಿ ಐದು. ನನ್ನ ಹೆಸರು ಆ ಕೆಂಪು ಕಲ್ಲಿನ ಮೇಲೆ ಕೂತೇಬಿಟ್ಟಿತ್ತು.

ಇವರು ಯೋಚಿಸಿದರು. ಇದರಲ್ಲಿ ಯೋಚಿಸುವುದೇನಿತ್ತು? ಕೈ ಬದಾಮಿನ ಎಂಟರ ಮೇಲೆ ಹೋಯಿತು. ಅದು ಎಂಟು ಅಂತ ನನಗೆ ಆಮೇಲೆ ಗೊತ್ತಾಯಿತು. ಬೆರಳು ಅಲ್ಲೇ ನಿಂತಿತು. ನನ್ನ ಮುಖ ನೋಡಿದರು. ಗೋಡೆಯ ಕಲ್ಲು ನೋಡಿದರು. ಬೆರಳು ಪಕ್ಕಕ್ಕೆ ಸರಿಯಿತು, ಇಸ್ಪೀಟಿನ, ಅಂದರೆ ಕರಿ ಸ್ಪೇಡ್ ಜಾತಿಯ, ನಾಲ್ಕು ಇಳಿಯಿತು.

ವಿಜಯಮಹಾಂತೇಶರ ಮುಖ ಅರಳಿದ್ದನ್ನು ನೋಡಬೇಕಿತ್ತು. ಮೇಲಿನ ಇಸ್ಪೀಟುಗಳೆಲ್ಲ ಅವರ ಕೈಯಲ್ಲೇ ಇದ್ದವು. ಒಂದರ ಹಿಂದೊಂದು ಒಂಬತ್ತು ಟ್ರಿಕ್ ಎತ್ತಿಕೊಂಡು, “ಸಾಕಲ್ಲರೀ ಇಷ್ಟ?” ಅಂತ ಉಳಿದ ಎಲೆ ನಡುವೆ ಎಸೆದರು. ನಾವೂ ಎಸೆದೆವು. ನನ್ನ ಎಕ್ಕಾ, ಗುಲಾಮ, ಒಂಬತ್ತು ಮೂರೂ ಬೋರಲಾಗಿ ಬಿದ್ದು ರಾಶಿಯಲ್ಲಿ ಕಲೆತುಹೋದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಬದಾಮ ಯಾಕ ಕೊಡಲಿಲ್ಲರಿ?” ನನ್ನ ದನಿ ನನಗೇ ಗೊತ್ತಿಲ್ಲದ ಹಾಗೆ ಏರಿತ್ತು.

“ಡಮ್ಮಿಯೊಳಗ ಇಸ್ಪೀಟು ಬಡವಿದ್ವು, ಬರೇ ಸಣ್ಣ ಎಲಿ. ಅದಕ್ಕ ಇಸ್ಪೀಟು ಹಾಕಿದೆ,” ಅಂದರು ಇವರು, ನನ್ನ ಕಡೆ ನೋಡದೆ.

ಜನ ಸುತ್ತ ಸೇರಿದರು. ಯಾರೋ “ಹಾಸು ಹಾಕ್ರಿ ಗುರಪ್ಪಾರ” ಅಂದರು. ನನಗೆ ಸಮಾಧಾನವಾಯಿತು. ಪಂದ್ಯ ಹೋದರೆ ಹೋಗಲಿ, ನಾಲ್ಕು ಜನರ ಮುಂದೆ ಸತ್ಯವಾದರೂ ಬೀಳುತ್ತದಲ್ಲ ಅಂದುಕೊಂಡೆ. ಹೆಸರು ಕಲ್ಲಿಗೆ ಬಾರದಿದ್ದರೂ ‘ಆಕೆ ಸರಿಯಾಗಿ ಆಡಿದಳು’ ಅನ್ನುವ ಮಾತು ಉಳಿಯುತ್ತದೆ, ಮುಂದಿನ ವರ್ಷಕ್ಕೆ ಅದೇ ಮೆಟ್ಟಿಲಾಗುತ್ತದೆ.

ಮಾವ ಮುಂದೆ ಬಂದು ಕೂತರು. ಕಲ್ಲೇಶನ ಡಮ್ಮಿ ಹಾಸಿದರು. ಮಗನ ಎಲೆ ಹಾಸಿದರು. ನನ್ನವನ್ನು ಹಾಸತೊಡಗಿದರು. ಬದಾಮಿನ ಎಕ್ಕಾ ಇಟ್ಟರು. ಅದರ ಪಕ್ಕಕ್ಕೆ ಬದಾಮಿನ ಹತ್ತು ಇಟ್ಟರು. ಗುಲಾಮನನ್ನು ಒಯ್ದು ವಿಜಯಮಹಾಂತೇಶರ ರಾಣಿಯ ಪಕ್ಕ ಕೂರಿಸಿದರು.

“ನೋಡ್ರಿ,” ಅಂದರು ಮಾವ, ಆ ಹಾಲಿನಲ್ಲಿ ಯಾರೂ ಎದುರಾಡದ ದನಿಯಲ್ಲಿ. “ರಾಣಿ, ಗುಲಾಮ ಎರಡೂ ವಿಜಯಮಹಾಂತೇಶನ ಕೈಯಾಗ ಇದ್ದಾವ. ಬದಾಮ ತಿರುಗಿಸಿದ್ರ ಅವನ ಮನಿಗೆ ಒಯ್ದ ಕೊಟ್ಟಂಗ ಆಗ್ತಿತ್ತು. ಹುಡುಗಾ ಮಾಡಿದ್ದು ಸರಿ ಐತಿ.”

“ಮಾವಾರ,” ಅಂದೆ, “ಗುಲಾಮ ನನ್ನ ಕೈಯಾಗಿತ್ರಿ. ಹತ್ತು ಅವರ ಕಡೆ.”

“ಇಲ್ಲವ್ವಾ. ಸಿಟ್ಟಿನ್ಯಾಗ ಅದಿ, ನಿನಗ ನೆನಪಿಲ್ಲ.”

ನಾನು ವಿಜಯಮಹಾಂತೇಶರ ಕಡೆ ತಿರುಗಿದೆ. ಗುಲಾಮ ತಮ್ಮ ಕೈಗೆ ಬಂದೇ ಇರಲಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತಲ್ಲ. “ಅಣ್ಣಾರ, ನೀವರ ಹೇಳ್ರಿ.”

ಅವರು ಮೀಸೆಯೊಳಗೇ ನಕ್ಕರು. “ಹಿರೇರು ಹಾಸಿದ ಮ್ಯಾಲ ನಾ ಏನ್ ಹೇಳಲಿ ತಂಗಿ?”

ಯಾರೋ ಹಿಂದಿನಿಂದ, “ಕಾಲೇಜಿನ ಲೆಕ್ಕ ಬ್ಯಾರೆ, ಎಲಿ ಲೆಕ್ಕ ಬ್ಯಾರೆರೀ ಮೇಡಂ” ಅಂದ. ಮತ್ತೆ ನಗು. ಹಾಸಿನ ಫೋಟೊ ತೆಗೆದು ಕ್ಲಬ್ಬಿನ ವಾಟ್ಸಾಪ್ ಗುಂಪಿಗೂ ಹಾಕಿದರು. ಅದರಲ್ಲಿ ನನ್ನ ಗುಲಾಮ ಮಂದಿ ಮನೆಯಲ್ಲಿ ಕೂತಿದ್ದಾನೆ, ಇವತ್ತಿಗೂ.

ಮನೆಗೆ ಬಂದು ಊಟಕ್ಕೆ ಬಡಿಸಿದೆ. ಸಿಟ್ಟಿದ್ದರೂ ಬಡಿಸಿದೆ, ಏನು ಮಾಡುವುದು, ಕೈಗೆ ರೂಢಿಯಾಗಿದೆ. ಮಾವ ಏನೂ ಆಗದವರ ಹಾಗೆ ಇನ್ನೊಂದು ಬದನೆಕಾಯಿ ಹಾಕಿಸಿಕೊಂಡು ಊಟ ಮುಗಿಸಿ ಮಲಗಲು ಹೋದರು. ಅವರು ಹೋದ ಮೇಲೆ ಗಂಡನನ್ನು ಹಿಡಿದೆ.

“ಖರೆ ಹೇಳ್ರಿ. ಬೆರಳು ಬದಾಮಿನ ಮ್ಯಾಲ ಇತ್ತಿಲ್ಲೋ?”

ಕೈಯಲ್ಲಿದ್ದ ರೊಟ್ಟಿ ಮುರಿದರು. ಆಮೇಲೆ ಅಂದರು: “ಇತ್ತು. ನಿನ್ನ ಕೈ ಚಲೋ ಐತಿ ಅಂತೂ ಗೊತ್ತಿತ್ತು. ಏನ್ ಮಾಡ್ಲಿ ಭುವನಾ? ದಿನಾಪೂರ್ತಿ ಅಂಗಡ್ಯಾಗ ಅಪ್ಪನ ಮಗಾ ಆಗಿ ಕುಂದರ್ತೇನಿ. ಮನ್ಯಾಗ ಲೆಕ್ಚರರ್ ಮೇಡಂ ಗಂಡ. ಆ ಕ್ಲಬ್ಬೊಂದ ಜಾಗಾ ಐತಿ, ಅಲ್ಲಿ ನಾ ನಾನ ಇರ್ತೇನಿ. ನೀ ಬಂದ್ರ ಅದೂ ಹೋಗತೈತಿ. ನಿನ್ನಷ್ಟ ಆಡಾಕ ನನಗ ಬರೂದಿಲ್ಲ. ಎಲ್ಲಾರೂ ನೋಡ್ತಾರ.”

ಏನು ಹೇಳಬೇಕು ಇಂಥ ಗಂಡಸಿಗೆ? ಬೈಯಬೇಕಿತ್ತು. ಕನಿಕರ ಬಂತು. ಆ ಕನಿಕರದ ಮೇಲೂ ಸಿಟ್ಟು ಬಂತು. “ಹೋಗ್ರಿ, ನಿಮ್ಮ ಜಾಗಾ ನೀವ ಇಟ್ಕೋರಿ” ಅಂತ ತಟ್ಟೆ ಎತ್ತಿದೆ.

ಆದರೆ ಮಾವನ ಮೇಲೆ ನಾನು ಸಿಟ್ಟು ಮಾಡಲಿಲ್ಲ. ಯಾಕೆ ಗೊತ್ತೇ? ಅವರು ಮರೆತಿದ್ದಾರೆ ಅಂದುಕೊಂಡೆ. ವಯಸ್ಸಾಯಿತಲ್ಲ. ಹತ್ತು ಯಾರದು, ಗುಲಾಮ ಯಾರದು, ಒಂದೇ ಒಂದು ಎಲೆ ಅದಲುಬದಲಾಗಿದೆ, ಅಷ್ಟೇ. ಮರೆತರೆ ನಡೆಯುತ್ತದೆ ಅಂತ ಅವರೇ ಕಲಿಸಿದ್ದರಲ್ಲ. ಆಮೇಲಿನ ದಿನಗಳಲ್ಲಿ ಅವರ ಮರೆವನ್ನು ಹುಡುಕುವುದೇ ನನ್ನ ಕೆಲಸವಾಯಿತು. ಚಾಳೀಸು ಹಣೆಗೇರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕಿದರೆ ನನಗೆ ಸಂತೋಷ. ನಾಹಿದಾಳನ್ನು ಅವಳ ಅವ್ವನ ಹೆಸರಿನಿಂದ ಕರೆದರೆ ಇನ್ನೂ ಸಂತೋಷ. ಮಾವನಿಗೆ ಅರಳುಮರಳು ಬರಲಿ ಅಂತ ಹರಕೆ ಹೊತ್ತ ಸೊಸೆ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ನಾಹಿದಾಳ ಮುಂದೆ ಇದನ್ನೆಲ್ಲ ಹೇಳಿದೆ. ಅವಳು ಉರ್ದು ಶಾಲೆಯಲ್ಲಿ ಟೀಚರು, ಮಾತು ಕಡಿಮೆ. “ಕಾಕಾರು ಎಲಿ ಮರಿಯೂ ಪೈಕಿ ಅಲ್ಲ ಭುವನಕ್ಕಾ,” ಅಂದಳು.

“ಸುಮ್ನಿರು ನೀ. ವಯಸ್ಸಾಗೇತಿ ಅವರಿಗೆ,” ಅಂತ ಅವಳ ಬಾಯಿ ಮುಚ್ಚಿಸಿದೆ.

ಗುರುವಾರ ಎಂದಿನಂತೆ ಸಂಜೆ ಎಲೆ ಹಂಚಿದೆವು. ನಾನೂ ಮಾವನೂ ಜೋಡಿ, ಇವರೂ ನಾಹಿದಾಳೂ ಜೋಡಿ. ಪಂದ್ಯವಾದ ಮೇಲೆ ಮೊದಲ ಸಲ ಕೂತಿದ್ದೆವು. ಇವರು ಒಂಬತ್ತು ಕೂಗಿದರು. ಮಾವ ಸಣ್ಣದೊಂದು ಚೌಕಟ, ಅಂದರೆ ಡೈಮಂಡ್ ಎಲೆ, ಇಳಿಸಿದರು. ನನ್ನ ರಾಜಾ ಗೆದ್ದಿತು. ಆಟ ನನ್ನ ಕೈಯಲ್ಲಿ. ಡಮ್ಮಿಯಲ್ಲಿ ಇಸ್ಪೀಟು ಬಡವಾಗಿದ್ದವು, ಅವತ್ತಿನ ಹಾಗೆಯೇ. ನನ್ನ ಕೈಯಲ್ಲೂ ಒಂದು ಇಸ್ಪೀಟಿನ ನಾಲ್ಕು ಇತ್ತು. ಅದರ ಮೇಲೆ ಬೆರಳಿಡಬೇಕು ಅಂತ ಒಂದು ಕ್ಷಣ ಅನ್ನಿಸಿತು, ದೇವರಾಣೆ. ಆದರೆ ಕಲಿತ ಕೈ ಕೇಳಲಿಲ್ಲ. ಮಾವ ಕೇಳಿದ ಚೌಕಟವನ್ನೇ ತಿರುಗಿಸಿ ಕೊಟ್ಟೆ. ಅವರ ಎಕ್ಕಾ ಬಿತ್ತು, ಹಿಂದೆಯೇ ಅವರ ಉಳಿದ ಚೌಕಟಗಳು ಸಾಲಾಗಿ ನಡೆದವು. ನನ್ನ ಕೈಯಲ್ಲಿ ಇನ್ನೂ ಕೆಲವು ಎಲೆ ಉಳಿದಿರುವಾಗಲೇ ಇವರು ಬಿದ್ದದ್ದು ಖಾತ್ರಿಯಾಯಿತು.

“ಭಲೇ ಯವ್ವಾ!” ಮಾವ ತೊಡೆ ತಟ್ಟಿಕೊಂಡರು. ಮಗನ ಕಡೆ ಬೆರಳು ಮಾಡಿದರು. “ನೋಡಲೇ! ತಿರುಗಿಸಿ ಕೊಡೂದು ಅಂದ್ರ ಹಿಂಗ. ಅವತ್ತ ನೀನೂ ಹಿಂಗ ಕೊಟ್ಟಿದ್ರ ಆ ವಿಜಯಮಹಾಂತೇಶ ಮಕಾಡೆ ಬೀಳ್ತಿದ್ದ. ಪಾಪ, ಇಕಿ ಬದಾಮಿನ ಗುಲಾಮ ಹಿಡಕೊಂಡ ದಾರಿ ಕಾಯ್ಕೋತ ಕುಂತಿದ್ಲು!”

ಇವರೂ ನಕ್ಕರು. “ಬಿಡಪ್ಪಾ, ಆಗಿದ್ದ ಆತು” ಅಂದರು. ಅಪ್ಪ ಮಗ ಇಬ್ಬರೂ ನಗುತ್ತಿದ್ದರು, ಮನೆಯ ಹಳೆಯ ತಮಾಷೆಯೊಂದನ್ನು ನೆನಪಿಸಿಕೊಂಡವರ ಹಾಗೆ. ನಾಹಿದಾ ಮಾತ್ರ ತಲೆ ತಗ್ಗಿಸಿದಳು.

“ಗುಲಾಮ ಯಾರ ಕೈಯಾಗಿತ್ರಿ ಮಾವಾರ?” ಅಂದೆ.

ನಗು ನಿಂತಿತು. ಮಾವ ತಮ್ಮ ಎಲೆಗಳನ್ನು ಸರಿಮಾಡಿಕೊಂಡರು, ಸರಿಯಾಗಿಯೇ ಇದ್ದವನ್ನು ಮತ್ತೆ ಸರಿಮಾಡಿಕೊಂಡರು.

“ಅವತ್ತಿಂದು ಅವತ್ತಿಗೆ ಮುಗೀತವ್ವಾ. ನಾಲ್ಕ ಮಂದ್ಯಾಗ ಹೆತ್ತ ಮಗನ್ನ ಹ್ಯಾಂಗ ಕೆಳಗ ಹಾಕಲಿ? ಹೆಂಡತಿ ಗೆಲ್ಲಬಾರದಂತ ಬೇಕಂತ ಸೋತಾ ಅಂದ್ರ ಅವಾ ಊರಾಗ ತಲಿ ಎತ್ತತಿದ್ದನೇನು? ಆಟಾ ನಿಂದ ಖರೆ. ಮನ್ಯಾಗ ನಾ ಹೇಳಾಕತ್ತೇನಲ್ಲ, ನಿನ್ನಂಥಾ ಆಟಗಾರ ಕ್ಲಬ್ಬಿನ್ಯಾಗ ಒಬ್ಬ ಇಲ್ಲ.”

“ಮನ್ಯಾಗ,” ಅಂದೆ ನಾನು.

“ಮತ್ತ? ಅದರಾಗ ನಿಂದೇನ ಹೋತು?”

ಅವರು ಅದನ್ನು ಅಂತಃಕರಣದಿಂದಲೇ ಕೇಳಿದರು. ಅದೇ ನೋಡಿ ನನ್ನ ಎದೆಗೆ ನಾಟಿದ್ದು. ಹೀಯಾಳಿಸಿದ್ದರೆ ಮೈಮೇಲೆ ಏರಿಹೋಗಬಹುದಿತ್ತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ನನ್ನದೇನು ಹೋಯಿತು ಅಂತ.

ನಾನು ಉಳಿದ ಎಲೆಗಳನ್ನು ಮೇಲ್ಮುಖವಾಗಿ ಟೇಬಲ್ ಮೇಲೆ ಇಟ್ಟು ಎದ್ದೆ.

“ಎಲ್ಲಿಗೆ ಹೊಂಟಿ? ಆಟಾ ಅರ್ಧ ಐತಿ,” ಅಂದರು ಗಂಡ.

“ನಿಮಗ ಮರವು ಬಂದೈತಿ ಅಂತ ತಿಳಕೊಂಡಿದ್ದೆನ್ರಿ ಮಾವಾರ,” ಅಂದೆ. “ಮರತಿದ್ರ ನಡೀತಿತ್ತು.”

ತಾವೇ ಕಲಿಸಿದ ಮಾತು ಅವರಿಗೆ ನೆನಪಾಯಿತು. ಅವರಿಗೆ ಯಾವುದು ತಾನೇ ಮರೆಯುತ್ತದೆ? ಮುಖ ಇಳಿಯಿತು. ಎದ್ದು ಬಂದು ನನ್ನ ಕುರ್ಚಿಯನ್ನು ಹಿಂದಕ್ಕೆಳೆದು, “ಕೂಡವ್ವಾ,” ಅಂದರು. “ನೀ ಎದ್ರ ಆಟಾ ಹ್ಯಾಂಗ ಆಗಬೇಕು? ನಾಲ್ಕನೇದವರು ಯಾರದಾರ?”

“ನನ್ನ ಎಲಿ ಅಲ್ಲೇ ಅದಾವರಿ,” ಅಂದೆ. “ನೀವ ಹಾಸ್ಕೋರಿ, ನಿಮಗ ಬೇಕಾದಂಗ.”